ಪುಟ್ಟಿ ಕುಣಿದ ಅಂಗಳ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದ ಆ ಹೆಂಗಸು ಅಲ್ಲಿಯವರೆಗೆ ವಿಮಾನ ಹತ್ತಿದವಳೇ ಅಲ್ಲ. ಐವತ್ತನಾಲ್ಕನೇ ವಯಸ್ಸಿನಲ್ಲಿ ಎರಡು ತಿಂಗಳ ರಜೆ ಬರೆದುಕೊಟ್ಟು, ಪರದೇಶದ ಹೊಲವೊಂದರಲ್ಲಿ ಸಂಬಳವಿಲ್ಲದೆ ದುಡಿಯಲು ಹೊರಟಾಗ ಜೊತೆಯವರಿಗೆ ನಗು ತಡೆಯಲಾಗಲಿಲ್ಲ.

"ಇಲ್ಲಿ ಬೆವರು ಸುರಿಸಿದ್ದು ಸಾಲ್ದಾ ಅಕ್ಕ? ಅದಕ್ಕೂ ಪಾಸ್‌ಪೋರ್ಟ್ ಮಾಡಿಸ್ಕೋಬೇಕಾ?"

ಆಕೆಯೂ ನಕ್ಕಳು. ಕಾರಣ ಮಾತ್ರ ಹೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಒಬ್ಬಳೇ ಸಾಕಿದ ಮಗಳಿದ್ದಳು. ಮನೆಯಲ್ಲಿ ಪುಟ್ಟಿ. ಕಾಲೇಜಿನ ಕೊನೆಯ ವರ್ಷ, ಓದು ಬಿಟ್ಟು ದೇಶ ದೇಶ ಸುತ್ತುತ್ತೇನೆ, ಹೊಲಗಳಲ್ಲಿ ಕೆಲಸ ಮಾಡಿಕೊಂಡು ಇರುತ್ತೇನೆ ಎಂದು ಹಟ ಹಿಡಿದಳು. ಅಡುಗೆಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. "ಹೋಗೋದಾದ್ರೆ ಹೋಗು. ಆಮೇಲೆ ಅಮ್ಮಾ ಅಂತ ಫೋನ್ ಮಾಡ್ಬೇಡ" ಎಂದುಬಿಟ್ಟಳು ತಾಯಿ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಆದರೆ ಮಗಳದ್ದೂ ಅಮ್ಮನದೇ ರಕ್ತ. ಹದಿನಾಲ್ಕು ತಿಂಗಳು ಫೋನ್ ಮಾಡಲಿಲ್ಲ. ಅವಳೇ ಮಾಡಲಿ ಎಂದು ತಾಯಿಯೂ ಕಾದಳು. ಕೊನೆಗೆ ಬಂದ ಫೋನ್ ಪೊಲೀಸರದ್ದು. ಎಲ್ಲೋ ಒಂದು ಘಟ್ಟದಲ್ಲಿ ಬಸ್ಸು ಉರುಳಿತ್ತು.

ಮಗಳ ಬ್ಯಾಗಿನಲ್ಲಿ ಒಂದು ಫೋಟೋ ಇತ್ತು. ದೊಡ್ಡ ಮರದ ಕೆಳಗೆ ಉದ್ದನೆಯ ಮೇಜು, ಬಿಸಿಲಿಗೆ ಕೆಂಪಾದ ಹತ್ತಿಪ್ಪತ್ತು ಮುಖಗಳು, ನಡುವೆ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಬಾಯ್ತುಂಬ ನಗುತ್ತಿರುವ ಪುಟ್ಟಿ. ಹಿಂಬದಿಯಲ್ಲಿ ಹೊಲಮನೆಯ ವಿಳಾಸ. ಎರಡು ವರ್ಷ ಆ ಫೋಟೋ ನೋಡಿ ನೋಡಿ ಆಕೆ ಕೊನೆಗೆ ಅದೇ ವಿಳಾಸಕ್ಕೆ ಅರ್ಜಿ ಹಾಕಿದಳು. ದಿನಕ್ಕೆ ಐದು ಗಂಟೆ ಕೆಲಸ, ಬದಲಿಗೆ ಊಟ, ಮೇಕೆ ಕೊಟ್ಟಿಗೆಯ ಮೇಲೊಂದು ಕೋಣೆ. 'ಯಾಕೆ ಬರುತ್ತೀರಿ?' ಎಂಬ ಪ್ರಶ್ನೆಗೆ 'ಬೇಸಿಗೆ ಕಳೆಯಲು' ಎಂದು ಬರೆದಳು. ಅಲ್ಲಿ ಹೋಗಿ ಎಲ್ಲ ಹೇಳಿಬಿಡಬೇಕು ಎಂದೇ ಅಂದುಕೊಂಡಿದ್ದಳು.

ಹೊಲದ ಯಜಮಾನಿ ಆಕೆಯದೇ ವಯಸ್ಸಿನ, ಗಟ್ಟಿ ದನಿಯ ಹೆಂಗಸು. ಹೆಸರು ಕೇಳಿದಾಗ, ಲಾಂಡ್ರಿಯಲ್ಲಿ ಎಲ್ಲರೂ ಕರೆಯುವ ಹಾಗೆ "ಅಕ್ಕ" ಎಂದಳು. ಅದೇ ಹೆಸರೆಂದುಕೊಂಡು, ಯಜಮಾನಿಯ ಎಂಬತ್ತು ದಾಟಿದ ಅಪ್ಪನೂ ಆಕೆಯನ್ನು ಅಕ್ಕ ಎಂದೇ ಕರೆಯತೊಡಗಿದ. ಎಲ್ಲರಿಗೂ ಅರೆಬರೆ ಬರುವ ಭಾಷೆಯೊಂದರಲ್ಲಿ ಮಾತು ಹೇಗೋ ಸಾಗುತ್ತಿತ್ತು.

ಅಲ್ಲಿ ಬೇಸಿಗೆಯ ಶನಿವಾರಗಳಂದು ಅಕ್ಕಪಕ್ಕದ ಹೊಲದವರೆಲ್ಲ ಸರದಿಯ ಮೇಲೆ ಒಬ್ಬೊಬ್ಬರ ಅಂಗಳದಲ್ಲಿ ಸೇರುತ್ತಿದ್ದರು. ಊಟ, ಹಾಡು, ಕುಣಿತ. ಮೊದಲ ಶನಿವಾರ ಆಕೆ ಮೇಜಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಯಜಮಾನಿಯ ಅಪ್ಪ ಮೌತ್ ಆರ್ಗನ್ ಒರೆಸಿಕೊಳ್ಳುತ್ತಾ ಕೇಳಿದ:

"ನಿಮ್ಮ ಕಡೆಯ ಹುಡುಗಿ ಒಬ್ಬಳು ಇಲ್ಲಿದ್ದಳು. ಪುಟ್ಟಿ ಅಂತ. ಗೊತ್ತಾ ನಿಮಗೆ?"

ಆಕೆ ಲೋಟವನ್ನು ಮೇಜಿನ ಮೇಲಿಟ್ಟಳು. ಮನೆಯ ಆ ಹೆಸರಿನಿಂದ ತಾನಲ್ಲದೆ ಬೇರೆ ಯಾರೂ ಕರೆದದ್ದನ್ನು ಆಕೆ ಕೇಳಿರಲಿಲ್ಲ.

"ಏನು ಕುಣೀತಾಳೆ ಅಂತೀರಿ! ಎದುರಿಗಿರೋರ ಕಾಲೆಲ್ಲಾ ತುಳೀತಾಳೆ, ಆದ್ರೆ ನಿಲ್ಲಿಸೋದೇ ಇಲ್ಲ" ಎಂದ ಮುದುಕ. "ಕಾಗದಕ್ಕೆ ಉತ್ತರಾನೇ ಬರೆಯಲ್ಲ, ಸೋಮಾರಿ" ಎಂದಳು ಯಜಮಾನಿ.

ಕುಣೀತಾಳೆ. ತುಳೀತಾಳೆ. ಬರೆಯಲ್ಲ. ಇವರಿಗೆ ಸುದ್ದಿಯೇ ಮುಟ್ಟಿಲ್ಲ ಎಂದು ತಾಯಿಗೆ ಆಗ ಹೊಳೆಯಿತು. ಇಡೀ ಜಗತ್ತಿನಲ್ಲಿ ಪುಟ್ಟಿ ಇನ್ನೂ ಬದುಕಿರುವ ಜಾಗ ಇದೊಂದೇ. "ಗೊತ್ತಿಲ್ಲ" ಎಂದಳು.

ಅಂದಿನಿಂದ ಆಕೆ ಶನಿವಾರಕ್ಕಾಗಿ ಬದುಕಿದಳು. ಬೆಳಿಗ್ಗೆ ಕ್ಯಾರೆಟ್ ಮಡಿಗಳಲ್ಲಿ ಮಂಡಿಯೂರಿ ಕಳೆ ಕೀಳುವಾಗ, ಮೇಕೆಗಳ ಹಾಲು ಸೋಸುವಾಗ, ಈ ವಾರ ಯಾರ ಪಕ್ಕ ಕೂರಬೇಕು, ಮಾತನ್ನು ಪುಟ್ಟಿಯ ಕಡೆ ಹೇಗೆ ಎಳೆಯಬೇಕು ಎಂದೇ ಲೆಕ್ಕ. ಒಬ್ಬರು ಅವಳು ಮೇಕೆಗೆ ಹೆದರಿ ಗೋಡೆ ಹತ್ತಿದ್ದನ್ನು ಹೇಳಿದರು. ಇನ್ನೊಬ್ಬರು ರೊಟ್ಟಿ ಸೀಯಿಸಿ ಹೊಲದಲ್ಲಿ ಹೂತಿಟ್ಟಿದ್ದನ್ನು. ಆಕೆ ಹೊಟ್ಟೆ ಹಿಡಿದು ನಕ್ಕಳು. ಮೂರನೇ ಶನಿವಾರ ತಾನೂ ಎದ್ದು ಕುಣಿದಳು, ಹುಟ್ಟಿದ ಮೇಲೆ ಮೊದಲ ಸಲ. ಎದುರಿಗಿದ್ದವನ ಕಾಲು ಚೆನ್ನಾಗಿಯೇ ತುಳಿದಳು. "ನೀವೂ ಅವಳ ಹಾಗೇ!" ಎಂದು ಯಾರೋ ಕೂಗಿದಾಗ ಬಾವಿಕಟ್ಟೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು.

ಒಂದು ಮಧ್ಯಾಹ್ನ ಯಜಮಾನಿಯೂ ಆಕೆಯೂ ಒಗೆದ ಮೇಜುಬಟ್ಟೆಗಳನ್ನು ಮಡಿಸುತ್ತಿದ್ದರು. ಇಬ್ಬರೂ ಎರಡೆರಡು ಮೂಲೆ ಹಿಡಿದು, ಹತ್ತಿರ ಬಂದು, ಮತ್ತೆ ದೂರ ಸರಿದು. ಹತ್ತಿರ ಬಂದ ಒಂದು ಗಳಿಗೆಯಲ್ಲಿ ಆಕೆ ಕೇಳಿಯೇಬಿಟ್ಟಳು:

"ಆ ಹುಡುಗಿ... ಅವಳ ತಾಯಿ ಬಗ್ಗೆ ಏನಾದ್ರೂ ಹೇಳ್ತಿದ್ದಳಾ?"

ಯಜಮಾನಿ ಬಟ್ಟೆ ಹಿಡಿದುಕೊಂಡೇ ಯೋಚಿಸಿದಳು. "ತಾಯಿನಾ? ಇಲ್ಲಪ್ಪ. ಯಾವತ್ತೂ ಇಲ್ಲ. ಯಾಕೆ, ಅವಳಿಗೆ ತಾಯಿ ಇದ್ದಾರಂತಾ?"

"ಸುಮ್ನೆ ಕೇಳಿದೆ" ಎಂದು ಆಕೆ ಮುಂದಿನ ಬಟ್ಟೆ ಎತ್ತಿಕೊಂಡಳು. ಅವತ್ತು ಮಡಿಸಿದ ಹನ್ನೊಂದು ಬಟ್ಟೆಗಳಲ್ಲಿ ಒಂದೂ ಸೊಟ್ಟಗಾಗಲಿಲ್ಲ. ಕೋಣೆಗೆ ಹೋದ ಮೇಲೆ ಮಂಚದ ಕಬ್ಬಿಣದ ಸರಳು ಹಿಡಿದು ಅತ್ತಳು. ಕೆಳಗೆ ಮೇಕೆಗಳು ಅರಚುತ್ತಿದ್ದವು; ಯಾರಿಗೂ ಕೇಳಿಸಲಿಲ್ಲ.

ಏಳನೇ ಶನಿವಾರ ಸೈಕಲ್ ರಿಪೇರಿಯವನು ಬಂದ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬೇಸಿಗೆಯ ಮೊದಲರ್ಧ ಬೇರೆ ಊರಿನಲ್ಲಿ ಕೆಲಸಕ್ಕಿದ್ದನಂತೆ. ಆಕೆ ಯಾವ ಕಡೆಯವಳೆಂದು ತಿಳಿದದ್ದೇ ಪಕ್ಕಕ್ಕೆ ಬಂದು ಕೂತ.

"ಅಕ್ಕ, ಒಂದು ಉಪಕಾರ ಮಾಡ್ತೀರಾ? ಊರಿಗೆ ಹೋದ್ಮೇಲೆ ಪುಟ್ಟಿ ಎಲ್ಲಿದ್ದಾಳೆ ಅಂತ ಹುಡುಕ್ತೀರಾ? ಬರ್ತೀನಿ ಅಂದಿದ್ಲು. ಬರದಿದ್ರೂ ಪರವಾಗಿಲ್ಲ. ಬೇರೆಯವರನ್ನ ಮದುವೆ ಆಗಿದ್ರೂ ಸರಿ, ಹೇಳ್ಲಿ ಅಷ್ಟೆ. ನಾನು ಕಾಯ್ತಾನೇ ಇದೀನಿ."

ಆ ಮುಖ ನೋಡಿಕೊಂಡು ಮತ್ತೆ ಸುಳ್ಳು ಹೇಳುವುದು ಆಕೆಯಿಂದಾಗಲಿಲ್ಲ.

"ಕಾಯ್ಬೇಡಪ್ಪ" ಎಂದಳು. "ಅವಳಿಲ್ಲ. ಎರಡು ವರ್ಷ ಆಯ್ತು. ನಾನು ಅವಳ ತಾಯಿ."

ಅವನು ಎದ್ದು ನಿಂತ. "ಇಷ್ಟು ವಾರ ಇಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡ್ರಾ? ಕುಣಿದ್ರಂತೆ ಬೇರೆ!"

ಮೌತ್ ಆರ್ಗನ್ ನಿಂತಿತು. ಅವನು ಸೈಕಲ್ಲನ್ನು ಹತ್ತದೆ, ತಳ್ಳಿಕೊಂಡೇ ಹೊರಟುಹೋದ. ಇನ್ನೂ ಬಿಸಿಲಿದ್ದ ಆ ಅಂಗಳದಲ್ಲಿ ಯಾರಿಗೂ ಊಟ ಸೇರಲಿಲ್ಲ. ಮುದುಕ ಎರಡು ಸಲ "ಪುಟ್ಟಿನಾ?" ಎಂದು ಮಗಳನ್ನು ಕೇಳಿದ. ಎರಡು ಸಲವೂ ಅವಳು ತಲೆಯಾಡಿಸಿದಳು.

ಉಳಿದ ಒಂಬತ್ತು ದಿನ ಯಜಮಾನಿ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಡುವೆ ಬಂದ ಶನಿವಾರ ಯಾರ ಅಂಗಳದಲ್ಲೂ ಮೇಜು ಹಾಕಲಿಲ್ಲ. ಹೊರಡುವ ದಿನ ಯಜಮಾನಿ ತಾನೇ ಆಕೆಯನ್ನು ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಗಾಡಿ ಓಡಿಸಿಕೊಂಡು ಬಂದಳು. ಬಸ್ಸು ಕಾಣಿಸಿದ ಮೇಲೆ ಬಾಯಿಬಿಟ್ಟಳು.

"ಮೊದಲ ದಿನಾನೇ ಹೇಳಬಹುದಿತ್ತು ಅಕ್ಕ. ಜೊತೇಲಿ ಅಳ್ತಿದ್ವಿ."

"ಹೌದು" ಎಂದಳು ತಾಯಿ. "ಆದ್ರೆ ಅಳ್ತಾ ಅಳ್ತಾ ನೀವು ಆ ಗೋಡೆ ಹತ್ತಿದ ಕಥೆ ಹೇಳ್ತಿರಲಿಲ್ಲ. ನಂಗೆ ಅದು ಬೇಕಿತ್ತು. ಹದಿನಾಲ್ಕು ತಿಂಗಳು ಅವಳು ಹೇಗಿದ್ಲು ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಯಜಮಾನಿ ಆಕೆಯ ಚೀಲವನ್ನು ಬಸ್ಸಿನೊಳಗೆ ಎತ್ತಿಟ್ಟಳು. ಕೈ ಹಿಡಿದಳು, ಬಿಟ್ಟಳು.

ಊರಿಗೆ ಬಂದು ಆಕೆ ಸೈಕಲ್ ರಿಪೇರಿಯವನಿಗೆ ಮೂರು ಕಾಗದ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಳು. ತನಗಾದರೆ ಎರಡು ವರ್ಷವಾಗಿತ್ತು. ಅವನ ಪಾಲಿಗೆ ಪುಟ್ಟಿ ಸತ್ತದ್ದು ಈ ಬೇಸಿಗೆಯಲ್ಲಿ.