ಇಲ್‌ಸ್ಟಾರ್ಡ್ ಎಂಬ ಸೀಕು

ಬಂದರು ಬಿಡುತ್ತಿರುವ ಹಡಗನ್ನು ‘ಇಲ್‌ಸ್ಟಾರ್ಡ್’ ಎಂದು ಕರೆದ ಪತ್ರಿಕೆಯನ್ನು ನಾನು ಈವರೆಗೆ ಕಂಡಿಲ್ಲ. ಕೆಟ್ಟ ನಕ್ಷತ್ರದ್ದು, ನತದೃಷ್ಟ ಎಂಬರ್ಥದ ಆ ವಿಶೇಷಣ ಹಡಗಿಗೆ ಪ್ರಾಪ್ತವಾಗುವುದು ಅದು ಮುಳುಗಿದ ಮರುದಿನ. ಅನಾಹುತ ಆಗುವತನಕ ಕಾಯುವ ಸೌಜನ್ಯ ಆ ಶಬ್ದಕ್ಕಿದೆ ನೋಡಿ. ಇಪ್ಪತ್ತರ ಹರೆಯದ ನನಗೆ ಅದಿರಲಿಲ್ಲ.

ಐವತ್ತರ ದಶಕದ ಕೊನೆ. ಕಾಲೇಜು ಮುಗಿಸಿ ಕಾಣಿಯೂರಿಗೆ ಮರಳಿದ್ದ ನನ್ನ ಬಾಯಲ್ಲಿ ಇಂಗ್ಲಿಷ್ ಶಬ್ದಗಳು ಹೊಸ ಮೆಟ್ಟಿನಂತೆ ಸದ್ದು ಮಾಡುತ್ತಿದ್ದವು. ಅಕ್ಕ ಕಮಲೆಗೆ ಬಂದಿದ್ದ ಎರಡು ಸಂಬಂಧಗಳು ಆಗಷ್ಟೇ ತಪ್ಪಿದ್ದವು: ಒಂದರಲ್ಲಿ ವರನ ತಂದೆ ತೀರಿಕೊಂಡರು, ಇನ್ನೊಂದರಲ್ಲಿ ವರನೇ ಮನಸ್ಸು ಬದಲಾಯಿಸಿದ. ದೊಡ್ಡಪ್ಪ ಕಾರಣ ವಿಚಾರಿಸಿದಾಗ ನಾನು ಪಂಡಿತನ ಗಾಂಭೀರ್ಯದಿಂದ, “ಅಕ್ಕ ಇಲ್‌ಸ್ಟಾರ್ಡ್” ಎಂದುಬಿಟ್ಟೆ. ದೊಡ್ಡಪ್ಪನ ಇಂಗ್ಲಿಷ್ ಜ್ಞಾನ ಶಾಲೆಯ ರಜಾ ಅರ್ಜಿಗೇ ನಿಂತಿತ್ತು; ಆ ಅರ್ಜಿಯಲ್ಲಿ ‘ಇಲ್’ ಎಂದರೆ ಕಾಯಿಲೆ.

ತಿಂಗಳೊಳಗೆ, ಮನೆಮನೆಗೆ ಬಟ್ಟೆ ಹೊತ್ತು ಮಾರುವ ಮಮ್ಮದ್ ಬ್ಯಾರಿ ನಮ್ಮ ಜಗಲಿಯಲ್ಲಿ ಗಂಟು ಇಳಿಸಿ, ಅಕ್ಕ ಒಳಗಿರುವುದನ್ನು ಖಚಿತಪಡಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: “ಕಮಲಕ್ಕನಿಗೆ ಎಂತದೋ ದೊಡ್ಡ ಸೀಕಂತೆ, ಹೌದಾ? ಆಲಂಕಾರು ಪೇಟೆಯಲ್ಲಿ ಹೇಳುದು ಕೇಳಿದೆ. ಇಂಗ್ಲಿಷ್ ಹೆಸರಿನ ಸೀಕು, ಗುಣ ಆಗುದು ಕಷ್ಟ ಅಂತೆ.”

ಬರುವೆವೆಂದಿದ್ದ ಮೂರನೆಯ ಸಂಬಂಧದವರು ಏಕೆ ಸುಮ್ಮನಾದರೆಂದು ಆಗ ಹೊಳೆಯಿತು. ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಬೈಯದೆ ಎದ್ದು ಅಡುಗೆಮನೆಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಮೂರನೆಯ ವರ ಸುಳ್ಯದಲ್ಲಿ ಕಂಪೌಂಡರ್ ಆಗಿದ್ದ ರಾಮಣ್ಣ. ಒಂದು ಆದಿತ್ಯವಾರ ಅವರು ಒಬ್ಬರೇ ನಮ್ಮಲ್ಲಿಗೆ ಬಂದರು.

“ಮನೆಯಲ್ಲಿ ಬೇಡ ಹೇಳ್ತಾರೆ. ಆದರೆ ಹತ್ತು ವರ್ಷ ಮದ್ದು ಕೊಟ್ಟವ ನಾನು, ಈ ಸೀಕಿನ ಹೆಸರು ಕೇಳಿದ್ದೇ ಇಲ್ಲ. ಎಂತ ಅದು ಮಾರಾಯ್ರೆ?”

ನಾನು ನಕ್ಷತ್ರ, ಗ್ರಹಗತಿ ಎಂದು ತೊದಲುತ್ತಿರುವಾಗ ಅಕ್ಕ ಮಜ್ಜಿಗೆ ತಂದಿಟ್ಟಳು. “ಸೀಕು ನನಗಲ್ಲ, ಇವನ ನಾಲಿಗೆಗೆ. ಅದಕ್ಕೆ ಮದ್ದು ಉಂಟಾ?”

ರಾಮಣ್ಣ ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕರು. “ಅದಕ್ಕೆ ಮದ್ದಿಲ್ಲ, ಪಥ್ಯ ಮಾತ್ರ” ಎಂದವರು, ಲೋಟ ಕೆಳಗಿಟ್ಟು ಅಕ್ಕನನ್ನೇ ಕೇಳಿದರು: “ನಿಮಗೆ ಒಪ್ಪಿಗೆ ಉಂಟಾ?”

“ಹಿಂದಿನ ಎರಡು ಸಲ ನನ್ನನ್ನು ಯಾರೂ ಕೇಳಲಿಲ್ಲ,” ಎಂದಳು ಅಕ್ಕ. ಆಮೇಲೆ, “ಉಂಟು.”

ರಾಮಣ್ಣ ತಮ್ಮ ಮನೆಯವರನ್ನು ಹೇಗೋ ಒಪ್ಪಿಸಿದರು. ಮದುವೆಯ ಬೆಳಿಗ್ಗೆ, ಸುಳ್ಯದಿಂದ ಹೊರಟ ದಿಬ್ಬಣದ ಬಸ್ಸು ನಮ್ಮ ಮನೆಗೆ ಅರ್ಧ ಮೈಲು ಇರುವಾಗ ಕೆಟ್ಟು ನಿಂತಿತೆಂದು ಸುದ್ದಿ ಬಂತು. ಮುಹೂರ್ತ ಸಮೀಪಿಸುತ್ತಿತ್ತು. ಚಪ್ಪರದ ಕೆಳಗಿನ ಮುಖಗಳೆಲ್ಲ ಬಾಡಿದವು. ದೊಡ್ಡಪ್ಪ ನನ್ನತ್ತ ನೋಡಿದರು. ಆ ಕ್ಷಣಕ್ಕೆ ಒಪ್ಪುವ ಸುಂದರ ಶಬ್ದವೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಪಂಚೆ ಮೇಲೆತ್ತಿ ಕಟ್ಟಿ ಓಡಿದೆ. ಹಿಂದೆಯೇ ದೊಡ್ಡಪ್ಪ ಏದುಸಿರು ಬಿಡುತ್ತಾ ಬಂದರು. ಪೇಟ ತೆಗೆದಿಟ್ಟು ಕೆಳಗಿಳಿದಿದ್ದ ಮದುಮಗ ನಮ್ಮ ನಡುವೆ ಹೆಗಲು ಕೊಟ್ಟ. ಇಳಿಜಾರಿನ ತನಕ ತಳ್ಳಿದೆವು. ಬಸ್ಸು ಎರಡು ಸಲ ಗೊರಗುಟ್ಟಿ ಹೊರಟಿತು, ನಮ್ಮನ್ನು ರಸ್ತೆಯಲ್ಲೇ ಬಿಟ್ಟು. ಮದುಮಗನೂ ನಾವೂ ನಗುತ್ತಾ ಅದರ ಹಿಂದೆ ಓಡಿದೆವು.