ಬೂಷ್ಟಿಗಿಂತ ಮೊದಲು ಸೀಟು ಹಿಡಿಯುವ ಬೂಷ್ಟಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೀತಲಗೃಹದ ದಪ್ಪ ಬಾಗಿಲು ಸರಿಯುತ್ತಿದ್ದಂತೆ, ದೀಪ ಹಾಕುವ ಮೊದಲೇ ಆಕೆ ಮೂಗರಳಿಸಿ ಒಮ್ಮೆ ಗಾಳಿ ಎಳೆದುಕೊಳ್ಳುತ್ತಾಳೆ. ಒಳಗೆ ಸೇಬು ಕೊಳೆತಿದ್ದರೆ ವಾಸನೆ ಬಾಗಿಲಿಗೇ ಬಂದು ಕಾಯುತ್ತದಂತೆ.

"ಏನಂತೆ ನಿನ್ನ ಮೂಗು?" ಹಣ್ಣು ವಿಂಗಡಿಸುವ ನಾದಿನಿ ಹಿಂದಿನಿಂದ ಚುಚ್ಚುತ್ತಾಳೆ.

"ಚಳಿ ಅಂತಿದೆ. ಸುಮ್ನೆ ಬಾರೆ."

ಎಲ್ಲರ ಬಾಯಲ್ಲೂ ಈಕೆ ಬೂಷ್ಟಕ್ಕ. ಬೂಷ್ಟು ಓಡಿಸುವವಳಿಗೆ ಇದೆಂಥ ಹೆಸರು ಎಂದು, ಕೆಲಸ ನೋಡಲು ಬಂದ ನಾನು ಕೇಳಿದರೆ ನಗುತ್ತಾಳೆ. "ಹಾವು ಆಡ್ಸೋನನ್ನ ಹಾವಾಡಿಗ ಅನ್ನಲ್ವಾ? ಹಾಗೇ."

ಮೊದಲೆಲ್ಲ ಈಕೆ ಸೇಬು ಅದ್ದುತ್ತಿದ್ದುದು ಬೂಷ್ಟುನಾಶಕ ಔಷಧಿಯ ತೊಟ್ಟಿಯಲ್ಲಿ. ಔಷಧಿ ಕೈಗವಸಿನೊಳಗೂ ಇಳಿದು ಬೆರಳಿನ ಸಂದಿಗಳು ಬಿರಿಯುತ್ತಿದ್ದವು. "ಊಟಕ್ಕೆ ಕೂತ್ರೆ ಉಪ್ಪು-ಖಾರ ತಾಗಿ ಜೀವ ಹೋಗೋದು. ಚಮಚ ಹಿಡಿದ್ರೆ ಮನೆಯವರು ದೊರೆಸಾನಿ ಅಂತ ಆಡ್ಕೊಳ್ಳೋರು." ಪಕ್ಕದ ಕೋಣೆಯ ಔಷಧಿ ತೊಟ್ಟಿಗೆ ಸುಗ್ಗಿಯಲ್ಲಿ ಈಗಲೂ ನಾದಿನಿಯೇ ಕೈ ಹಾಕಬೇಕು.

ಬೂಷ್ಟು ನುಗ್ಗುವುದು ಸಿಪ್ಪೆಯ ಸಣ್ಣ ಗಾಯಗಳ ಮೂಲಕ. ಈಗ ಈಕೆ ಹಿಡಿದಿರುವ ದಾರಿಯೇ ಬೇರೆ: ಕೊಯ್ದ ಕೂಡಲೇ ಹಣ್ಣನ್ನು ಯೀಸ್ಟ್ ಕದಡಿದ ನೀರಿನಲ್ಲಿ ಅದ್ದಿದರೆ, ಯೀಸ್ಟ್ ಆ ಗಾಯದಲ್ಲಿ ನೆಲೆಯೂರಿ ಅಲ್ಲಿನ ರಸವನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಬೂಷ್ಟಕ್ಕನ ಮಾತಲ್ಲಿ ಹೇಳುವುದಾದರೆ, "ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತೀವಲ್ಲ, ಅಷ್ಟೇ."

ಹೋದ ವರ್ಷದ ಸುಗ್ಗಿಯಲ್ಲಿ ಟವೆಲ್ ಜಾರಿತ್ತು. "ಹೊಸ ಕೆಲಸ, ಶುದ್ಧವಾಗಿರ್ಲಿ ಅಂತ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದೆ. ಆಮೇಲೆ ಸರಿಯಾಗಿ ನೀರು ಹಾಕಿ ತೊಳೀಲಿಲ್ಲ. ಯೀಸ್ಟ್ ಪೂರ್ತಿ ಸತ್ತೋಯ್ತು. ನಾನು ಮಾತ್ರ ಶ್ರದ್ಧೆಯಿಂದ ಅದ್ದಿದ್ದೇ ಅದ್ದಿದ್ದು!" ಕೋಣೆಗೆ ಕೋಣೆಯೇ ನೀಲಿ ಹಿಡಿಯಿತು. ಶೀತಲಗೃಹದ ಯಜಮಾನರು ಮತ್ತೆ ಔಷಧಿಯ ಡ್ರಮ್ಮು ತರಿಸಿದರು. ಈಕೆ ಪಟ್ಟು ಬಿಡಲಿಲ್ಲ. ಇನ್ನೊಂದೇ ಸಲ, ಒಂದೇ ಕೋಣೆ ಎಂದು ಅವರ ಹಿಂದೆಯೇ ಸುತ್ತಿದಳು. ಕೊನೆಗೂ ಒಪ್ಪಿದರು. ಆದರೆ ಈ ಸಲವೂ ಕೊಳೆತರೆ ಯೀಸ್ಟಿನ ಸುದ್ದಿಯೇ ಎತ್ತಬಾರದು.

ಈ ಸುಗ್ಗಿಯಲ್ಲಿ ತುಂಬಿ ಮುಚ್ಚಿ, ಇವತ್ತು ತೆರೆದಿರುವುದು ಯೀಸ್ಟಿಗೆ ಸಿಕ್ಕ ಆ ಒಂದೇ ಕೋಣೆ.

ಮೊದಲ ಕ್ರೇಟಿನಲ್ಲೇ ಒಂದು ಸೇಬಿನ ಮೇಲೆ ನೀಲಿ ಬೂಷ್ಟು. ಬೂಷ್ಟಕ್ಕ ಹಣ್ಣನ್ನೆತ್ತಿ ತಿರುಗಿಸುತ್ತಾಳೆ. ಒಂದು ಕಡೆ ಆಳವಾಗಿ ಜಜ್ಜಿದೆ.

"ಇದು ತೋಟದಿಂದ್ಲೇ ಕೆಟ್ಟು ಬಂದಿರ್ಬೇಕು. ಕೆಟ್ಟಿದ್ದನ್ನ ಯೀಸ್ಟು ರಿಪೇರಿ ಮಾಡಲ್ಲ. ಮುಂದಿನ ಕ್ರೇಟು ಇಳ್ಸು."

"ಅದ್ರಲ್ಲೂ ಇದ್ರೆ?"

"ಅದರ ಮುಂದಿಂದು ಇಳ್ಸು."

ಬಿಸಿಲೇರುವ ಹೊತ್ತಿಗೆ ಕೋಣೆ ಖಾಲಿ. ಕೊಳೆತದ್ದು ಒಂದು ಬುಟ್ಟಿಯೂ ತುಂಬಿಲ್ಲ. ಹೋದ ವರ್ಷ ಲಾರಿ ಕರೆಸಿ ಹೊರಹಾಕಿದ್ದರು. ಯಜಮಾನರು ತಾವೇ ಒಂದು ಸೇಬು ಕಚ್ಚಿ, ಅಗಿಯುತ್ತಲೇ ತೀರ್ಪು ಕೊಡುತ್ತಾರೆ: "ಆಯ್ತು ಕಣಮ್ಮ. ಈ ಕೋಣೆ ನಿನ್ನ ಯೀಸ್ಟಿಗೇ ಇರ್ಲಿ."

"ಪಕ್ಕದ್ದೂ ಕೊಡಿ, ಯಜಮಾನ್ರೇ."

"ನೋಡೋಣ ಹೋಗಮ್ಮ."

ಅವರು ಹೋದ ಮೇಲೆ ಪಾಪ ಅನ್ನಿಸಿ ನಾನೇನೋ ಸಮಾಧಾನ ಹೇಳಲು ಹೊರಡುತ್ತೇನೆ. ಬೂಷ್ಟಕ್ಕ ಆಗಲೇ ಪಕ್ಕದ ಕೋಣೆಯ ಬಾಗಿಲು ಅಳೆಯುವಂತೆ ನೋಡುತ್ತಿದ್ದಾಳೆ.

"ಈ ಕೋಣೆಗೂ ಮೊದ್ಲು 'ನೋಡೋಣ' ಅಂತ್ಲೇ ಅಂದಿದ್ರು, ಬಿಡಿ."