ಗಾಲಿಯ ಅಳು ಕೇಳುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯ ಬಲಗಿವಿಯ ಹಿಂದೆ, ಎಲುಬು ಉಬ್ಬಿದ ಜಾಗದಲ್ಲಿ, ನಾಣ್ಯದಷ್ಟು ಅಗಲದ ಕಪ್ಪು ಗಟ್ಟಿ ಚರ್ಮವಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಅಲ್ಲಿ ಒತ್ತಿಕೊಂಡು ಒಳಗಿನ ಸದ್ದು ಕೇಳುವುದು ಅವರ ರೂಢಿ. ನಲವತ್ತು ವರ್ಷ ಒತ್ತಿದ ಗುರುತು ಅದು.

ಬೀದರದಿಂದ ಹತ್ತಿರದ ಕೊಳಾರ ಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು. ನಾನು ಭಾಲ್ಕಿಯವನು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಐದಕ್ಕೆ ಏಳುವುದು, ಏಳಕ್ಕೆ ನಾಷ್ಟಾ, ಗುರುವಾರ ಬೀದರ. ನಿವೃತ್ತಿಯ ನಂತರವೂ ಈ ಕ್ರಮ ತಪ್ಪಲಿಲ್ಲ.

ನನ್ನ ಕಾರು ಅರವತ್ತರ ವೇಗ ದಾಟಿದರೆ ಗುಂಯ್ ಎನ್ನುತ್ತಿತ್ತು. ಎರಡು ಕಡೆ ತೋರಿಸಿದೆ. ಎರಡೂ ಕಡೆ ಟೈರ್ ಎಂದರು. ಟೈರ್ ಬದಲಾದರೂ ಸದ್ದು ಹೋಗಲಿಲ್ಲ. ಆಗ ಮಿಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ಟನ್ನು ಮುಟ್ಟಲೂ ಇಲ್ಲ.

"ಮೊದಲ ಕೇಳೋಣ್ರಿ, ಆಮ್ಯಾಲ ಬಿಚ್ಚೋಣ," ಎಂದು ಪಕ್ಕದ ಸೀಟಿನಲ್ಲಿ ಕುಳಿತರು. ಹಿಂದೆ ಕುಳಿತಿದ್ದ ನನ್ನ ಹೆಂಡತಿಯನ್ನು ಇಳಿಸಿದರು. "ನೀವ್ ಚಹಾ ಕುಡೀರಿ ಅಕ್ಕಾ. ಕೈಬಳಿ ಸಪ್ಪಳ ಅಡ್ಡ ಬರ್ತದ." ಗೊಂಚಲಿನಲ್ಲಿ ಕಾರಿನ ಕೀಲಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ತೆಗೆಸಿದರು. ಕಿಟಕಿ ಏರಿಸಿ, ಕಣ್ಣು ಮುಚ್ಚಿದರು.

ಭಾಲ್ಕಿ ರಸ್ತೆಯಲ್ಲಿ ಅರವತ್ತು ಮುಟ್ಟಿದಾಗ "ನ್ಯೂಟ್ರಲ್ ಹಾಕ್ರಿ" ಎಂದರು. ಎಂಜಿನ್ನಿನ ದನಿ ಇಳಿಯಿತು, ಗುಂಯ್ ಇಳಿಯಲಿಲ್ಲ. ಎಂಜಿನ್ ಅಲ್ಲ, ಗಾಲಿ. ಹೊಸ ಡಾಂಬರಿನ ಮೇಲೂ ಕಿತ್ತುಹೋದ ರಸ್ತೆಯ ಮೇಲೂ ಸದ್ದು ಒಂದೇ ಸಮ. "ಟೈರ್ ಆಗಿದ್ರ ರೋಡ್ ಬದಲಾದಂಗ ರಾಗ ಬದಲಾಗ್ತಿತ್ತು." ರಸ್ತೆ ಖಾಲಿ ಇದ್ದಲ್ಲಿ ಸ್ಟೀರಿಂಗನ್ನು ತುಸು ಬಲಕ್ಕೆ, ತುಸು ಎಡಕ್ಕೆ ಆಡಿಸಲು ಹೇಳಿದರು. ಬಲಕ್ಕೆ ಹೊರಳಿದಾಗ ಸದ್ದು ಏರಿತು. ಎಡಕ್ಕೆ ಹೊರಳಿದಾಗ ತಗ್ಗಿತು.

"ಮುಂದಿನ ಎಡಗಾಲಿ. ಬೇರಿಂಗ್ ಹೋಗ್ಯಾದ."

"ಬಲಕ್ಕ ಹೊಳ್ಳಿದಾಗ ಏರ್ತು. ಎಡಗಾಲಿ ಹ್ಯಾಂಗ್ರಿ?"

"ಬಲಕ್ಕ ಹೊಳ್ಳಿದ್ರ ಭಾರ ಎಡಕ್ಕ ಬೀಳ್ತದ್ರಿ ಮಾಸ್ತರ್ ಸಾಹೇಬ್ರ. ಹೊರಿ ಬಿದ್ದಾಂವ ಅಳ್ತಾನ."

ಬೇರಿಂಗ್ ಬದಲಾಯಿತು. ವಾಪಸು ಬರುವಾಗ ಕಾರಿನಲ್ಲಿ ನಾನೂ ಹೆಂಡತಿಯೂ ಮೆಲ್ಲಗೆ ಮಾತಾಡಿಕೊಂಡು ಬಂದೆವು.

ಆಮೇಲೆ ಪ್ರತಿ ಗುರುವಾರ ಅವರ ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಚಹಾ. ಔರಾದ, ಹಲಬರ್ಗಾದಿಂದೆಲ್ಲ ಗಾಡಿಗಳು ಅವರ ಕಿವಿಯನ್ನೇ ನಂಬಿ ಬರುತ್ತಿದ್ದವು. ಎಂಟು ವರ್ಷ ಹೀಗೆ ನಡೆಯಿತು. ಒಂದು ಗುರುವಾರ ನನ್ನ ಕಾರು ಮತ್ತೆ ಗುಂಯ್ ಎಂದಿತು. ಮಿಸ್ತ್ರಿ ಪಕ್ಕದಲ್ಲಿ ಕುಳಿತರು. ಸ್ಟೀರಿಂಗ್ ಹೊರಳಿಸಿದೆ.

"ಈಗ ಸಪ್ಪಳ ಏರ್ತೇನ್ರಿ?" ಎಂದರು.

ಅವರು ಎಂದೂ ಯಾರನ್ನೂ ಹಾಗೆ ಕೇಳಿದವರಲ್ಲ. ಕಾರನ್ನು ಬದಿಗೆ ನಿಲ್ಲಿಸಿ, "ಯಾವಾಗಿಂದ ಮಿಸ್ತ್ರಿ?" ಎಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಕೇಳಿದೆ.

"ರಮ್ಜಾನಿಗಿಂತ ಮೊದಲಿಂದ್ರಿ. ಎಲುಬಿಗಿ ಒತ್ತಿದ್ರ ಎಂಜಿನ್ ಇನ್ನೂ ಕೇಳ್ತದ. ಗಾಲಿದು ಹಂಗಲ್ಲ. ಜಾಕಿ ಮ್ಯಾಲ ಎತ್ತಿ ತಿರುಗಿಸಿದ್ರ ಹೊರಿನೇ ಇರಂಗಿಲ್ಲ, ಅದು ಬಾಯಿ ಬಿಡಂಗಿಲ್ಲ. ಓಡೂ ಗಾಡ್ಯಾಗ ನನಗ ಏನೂ ಕೇಳ್ಸಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ. ಮಿಸ್ತ್ರಿ ಕಿವಿ ಹೋಯ್ತಂದ್ರ ಯಾವ ಬರ್ತಾನ?"

ಅಂದಿನಿಂದ ಒಂದು ಏರ್ಪಾಡು ಮಾಡಿಕೊಂಡೆವು. ಗುಂಯ್ ಎನ್ನುವ ಗಾಡಿಗಳನ್ನೆಲ್ಲ ಅವರು ಗುರುವಾರಕ್ಕೇ ಕರೆಯುತ್ತಿದ್ದರು. ಬೇರೆ ದಿನ ಮೊಣಕಾಲು ನೋವಿನ ನೆವ ಹೇಳುತ್ತಿದ್ದರು. ನಾನು ಹಿಂದೆ ಕುಳಿತು ಅವರ ಭುಜದ ಮೇಲೆ ಬೆರಳಿಡುತ್ತಿದ್ದೆ. ಬಲಕ್ಕೆ ಹೊರಳಿದಾಗ ಸದ್ದು ಏರಿದರೆ ಒಂದು ಸಲ ಒತ್ತುವುದು, ಎಡಕ್ಕಾದರೆ ಎರಡು ಸಲ. ಒಬ್ಬ ಡ್ರೈವರ್ ಗಟ್ಟಿಯಾಗಿ ನಗೆಯಾಡಿದ: "ಮಾಸ್ತರ್ರು ಈ ವಯಸ್ಸಿನ್ಯಾಗ ಗಾಡಿ ಕೆಲಸ ಕಲೀಲತ್ತಾರೇನ್ ಚಾಚಾ?"

"ಬಾಳ ದಡ್ಡ ಶಿಷ್ಯ. ಇನ್ನೂ ನಟ್ ಬಿಚ್ಚೂ ಪಾನಾ ಹಿಡೀಲಿಕ್ಕಿ ಬರಂಗಿಲ್ಲ," ಎಂದರು ಮಿಸ್ತ್ರಿ.

ಪರೀಕ್ಷೆಯ ಕೋಣೆಯಲ್ಲಿ ಬೆರಳು ತೋರಿಸಿ ಉತ್ತರ ಹೇಳಿಕೊಟ್ಟ ಎಷ್ಟೋ ಹುಡುಗರನ್ನು ನಾನು ಹೊರಗೆ ನಿಲ್ಲಿಸಿದ್ದೇನೆ. ಈಗ ಅದೇ ಕೆಲಸ ನನ್ನದಾಗಿತ್ತು. ಅದನ್ನೂ ಒಂದು ಗುರುವಾರವೂ ತಪ್ಪದೆ, ಎಂಟು ಗಂಟೆಗೆ ಸರಿಯಾಗಿ ಮಾಡುತ್ತಿದ್ದೆ.

ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವರ ಫೋನು ಬಂತು. "ಔರಾದದ ಗಾಡಿ ಬಂದದ್ರಿ. ಹೈದರಾಬಾದಿಗಿ ಹೊಂಟಾರ, ಒಳಗ ಹೆಣ್ಮಕ್ಕಳು ಕೂಸುಗಳು ತುಂಬ್ಯಾರ. ನಿಲ್ಲಂಗಿಲ್ಲ ಅಂತಾರ. ಇವತ್ತ ಬರ್ತೀರೇನ್ರಿ?"

"ಇವತ್ತ ಬುಧವಾರ ರೀ. ನಾಳಿ ಎಂಟಕ್ಕ ಬರ್ತೇನಿ." ಅವರಿಗೆ ಕೇಳಿಸಲೆಂದು ಎರಡು ಸಲ ಕೂಗಿದೆ.

"ಆಯ್ತ್ರಿ," ಎಂದು ಫೋನು ಇಟ್ಟರು.

ಮರುದಿನ ಎಂಟಕ್ಕೆ ಹೋದರೆ ಶಟರ್ ಎಳೆದಿತ್ತು. ಆಗಿದ್ದನ್ನು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ. ಮಿಸ್ತ್ರಿ ಆ ಗಾಡಿಯಲ್ಲಿ ಡ್ರೈವರನ ಪಕ್ಕ ಒಬ್ಬರೇ ಕುಳಿತು ಒಂದು ಸುತ್ತು ಹೋಗಿ ಬಂದರಂತೆ. ಇಳಿದವರೇ ಎಲ್ಲರ ಮುಂದೆ ಡ್ರೈವರನಿಗೆ ಹೇಳಿದರಂತೆ: "ನನಗ ಕೇಳ್ಸಂಗಿಲ್ಲಪಾ. ವರ್ಷ ಆಯ್ತು. ಅಂದಾಜಿನ ಮ್ಯಾಲ ಇಷ್ಟು ಜೀವ ಹ್ಯಾಂಗ ಕಳಸಲಿ? ಬ್ಯಾರೆ ಕಡಿ ತೋರ್ಸು." ಅಲ್ಲಿದ್ದ ಯಾರೋ, "ಹಂಗಾದ್ರ ಇಷ್ಟ್ ದಿನ ಏನ್ ನಾಟಕ ಮಾಡ್ದಿ ಚಾಚಾ?" ಎಂದು ನಕ್ಕರಂತೆ. ಮಿಸ್ತ್ರಿ ಕೈ ತೊಳೆದುಕೊಂಡು ಶಟರ್ ಎಳೆದರು. ಅದನ್ನು ಮತ್ತೆ ತೆರೆಯಲಿಲ್ಲ.

ಅವರ ಮನೆಗೆ ಹೋದೆ. ಅಂಗಳದ ಮಂಚದ ಮೇಲೆ ಕುಳಿತಿದ್ದರು. ತಪ್ಪು ನನ್ನದು ಎಂದು ಹೇಳಬೇಕಿತ್ತು. ಬರೆದು ತೋರಿಸೋಣವೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನನಗೆ ಉರ್ದು ಬರೆಯಲು ಬರುತ್ತಿರಲಿಲ್ಲ. ಹೇಳುವುದಾದರೆ ಕೂಗಿಯೇ ಹೇಳಬೇಕು. ಸೊಸೆ ಬಟ್ಟೆ ಒಗೆಯುತ್ತಿದ್ದಳು, ಪಕ್ಕದ ಮನೆಯವರು ಗೋಡೆಯಾಚೆ ನಿಂತಿದ್ದರು. "ಹ್ಯಾಂಗಿದ್ದೀರಿ?" ಎಂದಷ್ಟೇ ಕೂಗಿದೆ. "ಚಲೋ ಇದ್ದೀನ್ರಿ," ಎಂದರು. ಮುಂದಿನ ಗುರುವಾರಗಳಲ್ಲೂ ಅಷ್ಟೇ ಕೂಗಿದೆ. ಚಳಿಗಾಲದಲ್ಲಿ ಅವರು ತೀರಿಕೊಂಡರು.

ಅವರನ್ನು ಮಣ್ಣು ಮಾಡಿದ ದಿನ ಔರಾದದ ಆ ಡ್ರೈವರ್, ಗುರುವಾರಗಳಲ್ಲಿ ನನ್ನನ್ನು ಗ್ಯಾರೇಜಿನಲ್ಲಿ ಕಂಡಿದ್ದವನು, ನನ್ನ ಪಕ್ಕಕ್ಕೆ ಬಂದು ನಿಂತ. "ಬ್ಯಾರೆ ಗ್ಯಾರೇಜಿನ್ಯಾಗ ಬಿಚ್ಚಿಸಿದ್ವಿ ಸರ್. ಬೇರಿಂಗ್ ಪುಡಿಪುಡಿ ಆಗಿತ್ತು. ಚಾಚಾ 'ಟೈರ್ ಸಪ್ಪಳ ಅದ, ಹೋಗ್ರಿ' ಅಂದಿದ್ರ ನಾವ್ ಹೋಗೇ ಬಿಡ್ತಿದ್ವಿ." ಮತ್ತೆ ಕೇಳಿದ: "ಅವತ್ತ ನೀವ್ ಬಂದಿರ್ಲಿಲ್ಲಲ್ರಿ?"

"ಬುಧವಾರ ಇತ್ತಪಾ," ಎಂದೆ.

ಅವನು ತಲೆಯಾಡಿಸಿದ. ನನಗೆ ಬೇರೆ ಕೆಲಸವಿತ್ತು ಎಂದುಕೊಂಡಿರಬೇಕು. ಆ ಬುಧವಾರ ಹತ್ತರ ಹೊತ್ತಿಗೆ ನಾನು ಪೇಪರ್ ಓದಿ ಮುಗಿಸಿ, ಊಟದ ವೇಳೆಯಾಗಲೆಂದು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೆ.